ಗುಂಗುರು ಕೂದಲಿನ ನಾಯಿಗೆ ಮನೆಯಲ್ಲೇ ಕ್ಷೌರ: ಬಾಚಣಿಗೆ ಬುಡ ಮುಟ್ಟಬೇಕು

ನಮ್ಮ ನಾಯಿ ಬೆಲ್ಲ ಟಾಯ್ ಪೂಡಲ್, ಅಂದರೆ ಪೂಡಲ್ ಜಾತಿಯಲ್ಲೇ ಪುಟ್ಟದು. ಮೈಬಣ್ಣ ಅಚ್ಚುಬೆಲ್ಲದ್ದೇ, ಅದಕ್ಕೇ ಆ ಹೆಸರು. ಅವಳಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಒಂದು ದಿನ ಗ್ರೂಮಿಂಗ್‌ಗೆ ಬಿಟ್ಟು ಬಂದೆ. ಅರ್ಧ ಗಂಟೆಯಲ್ಲಿ ಫೋನ್. "ಮೇಡಂ, ಒಳಗೆಲ್ಲ ಸಿಕ್ಕು. ಬುಡಕ್ಕೆ ಬೋಳಿಸಬೇಕು, ಬೇರೆ ದಾರಿ ಇಲ್ಲ." ನನಗೆ ನಂಬಿಕೆಯೇ ಬರಲಿಲ್ಲ. ದಿನಾ ಬ್ರಶ್ ಮಾಡುತ್ತಿದ್ದೆನಲ್ಲ! ಸಂಜೆ ಹೋದಾಗ ಅಲ್ಲಿನ ಹುಡುಗ ಕವರ್‌ನಲ್ಲಿ ಎತ್ತಿಟ್ಟಿದ್ದ ಕೂದಲು ತೋರಿಸಿದ. ಬಿಡಿ ಕೂದಲಲ್ಲ, ಹಳೇ ಕಂಬಳಿಯ ತುಂಡಿನ ಹಾಗೆ ಒಂದೇ ಹಾಳೆ. ಮೇಲ್ಮುಖ ಮೆತ್ತಗೆ, ಚೆಂದ. ತಿರುಗಿಸಿದರೆ ಒತ್ತಿ ತಟ್ಟಿದ ಬೆರಣಿ. ನಾನು ಅಷ್ಟು ತಿಂಗಳೂ ಮೇಲಷ್ಟೇ ಬಾಚಿದ್ದೆ.

ತಪ್ಪು ಅವರದ್ದಲ್ಲ, ಪೂರ್ತಿ ನನ್ನದೇ. ಅವತ್ತಿನಿಂದ ಕಲಿಯಲು ಶುರು ಮಾಡಿದೆ. ಈಗ ಮೂರು ವರ್ಷದಿಂದ ಬೆಲ್ಲಳ ಕ್ಷೌರ ನಮ್ಮ ಫ್ಲ್ಯಾಟಿನ ಯುಟಿಲಿಟಿಯಲ್ಲೇ ನಡೆಯುತ್ತದೆ. ಐದು ವಾರಕ್ಕೊಮ್ಮೆ ಕೊಡುತ್ತಿದ್ದ 1,800 ರೂಪಾಯಿ ಉಳಿಯುತ್ತದೆ, ನಿಜ. ಆದರೆ ಮೊದಲೇ ಹೇಳಿಬಿಡುತ್ತೇನೆ: ಕತ್ತರಿ, ಕ್ಲಿಪ್ಪರ್ ಹಿಡಿಯೋದು ಇದರಲ್ಲಿ ಸಣ್ಣ ಕೆಲಸ. ದೊಡ್ಡ ಕೆಲಸ ಬಾಚೋದು. ಗ್ರೂಮರ್ ಹತ್ತಿರ ಹೋದರೂ ನಡುವಿನ ಐದು ವಾರ ಬಾಚುವ ಕೆಲಸ ನಿಮ್ಮ ಪಾಲಿಗೇ ಉಳಿಯುತ್ತದೆ.

ಈ ಕೂದಲು ಯಾಕೆ ಹೀಗೆ

ನಮ್ಮ ಮುಧೋಳ ನಾಯಿ ನೋಡಿ. ಮೈಗಂಟಿದ ಗಿಡ್ಡ ಕೂದಲು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು. ಪೂಡಲ್ ಕೂದಲು ಹಾಗಲ್ಲ, ನಮ್ಮ ತಲೆಕೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ. "ಈ ಜಾತಿ ಕೂದಲು ಉದುರಿಸಲ್ಲ ಸಾರ್" ಅಂತ ಮರಿ ಮಾರುವವರು ಹೇಳುವುದು ಅರ್ಧ ಸತ್ಯ. ಉದುರುತ್ತದೆ, ಆದರೆ ಸೋಫಾ ಮೇಲೆ ಬೀಳುವ ಬದಲು ಗುಂಗುರಿನೊಳಗೇ ಸಿಕ್ಕಿಕೊಳ್ಳುತ್ತದೆ. ಉದುರಿದ ಕೂದಲು ಬೆಳೆಯುವ ಕೂದಲಿನ ಜೊತೆ ಹೆಣೆದುಕೊಂಡು ಗಂಟಾಗುತ್ತದೆ. ಗಂಟು ಬಿಗಿದಂತೆ ಚರ್ಮ ಎಳೆಯುತ್ತದೆ. ಅಡಿಗೆ ಗಾಳಿಯಾಡುವುದಿಲ್ಲ, ಮಳೆಗಾಲದಲ್ಲಿ ಅಲ್ಲೇ ಹುಣ್ಣಾಗುತ್ತದೆ, ಉಣ್ಣಿ ಕೂತರೂ ಕಾಣುವುದಿಲ್ಲ. ಬಿಶಾನ್, ಕಾಕಪೂ, ಲ್ಯಾಬ್ರಡೂಡಲ್‌ನಂಥ ಗುಂಗುರು ಕೂದಲಿನ ಬೇರೆ ತಳಿ ಸಾಕಿದವರಿಗೂ ಇದೇ ಪಾಡು.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಸುಮಾರು 9 ತಿಂಗಳಿಂದ ಒಂದೂವರೆ ವರ್ಷದ ನಡುವೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ. ಆ ಕೆಲವು ತಿಂಗಳು ಸಿಕ್ಕು ವಿಪರೀತ. ನಿನ್ನೆ ಬಿಡಿಸಿದ್ದು ಇವತ್ತು ಮತ್ತೆ ಗಂಟು. ಆ ಸಮಯದಲ್ಲಿ ಕೂದಲು ಗಿಡ್ಡ ಇಡಿ, ಚೆಂದದ ಚಿಂತೆ ಆಮೇಲೆ ಮಾಡಿದರಾಯಿತು.

ಏನೇನು ಬೇಕು

ಸ್ಲಿಕ್ಕರ್ ಬ್ರಶ್ ಒಂದು, ಅದೇ ಸಣ್ಣ ಸಣ್ಣ ಬಾಗಿದ ತಂತಿಯದ್ದು. ಸ್ಟೀಲ್ ಬಾಚಣಿಗೆ ಒಂದು, ಅರ್ಧ ಭಾಗ ಅಗಲ ಹಲ್ಲು, ಅರ್ಧ ಒತ್ತು ಹಲ್ಲಿನದ್ದು. ನಾಯಿಗೆಂದೇ ಮಾಡಿದ ಕ್ಲಿಪ್ಪರ್ (ಕೂದಲು ಕತ್ತರಿಸುವ ಮೆಷಿನ್), ಅದಕ್ಕೆ ಹೊಂದುವ ಗಾರ್ಡ್‌ಗಳು, ಅಂದರೆ ಕೂದಲು ಬೇಕಾದಷ್ಟು ಉದ್ದ ಉಳಿಯಲಿ ಅಂತ ಬ್ಲೇಡಿನ ಮೇಲೆ ಸಿಕ್ಕಿಸುವ ಬಾಚಣಿಗೆಗಳು. ಮೊಂಡು ತುದಿಯ ಕತ್ತರಿ. ಉಗುರು ಕಟರ್, ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿ. ದುಡ್ಡು ಕಡಿಮೆ ಇದ್ದರೆ ಬೇರೆಲ್ಲದರಲ್ಲಿ ಉಳಿಸಿ, ಕ್ಲಿಪ್ಪರ್‌ನಲ್ಲಿ ಬೇಡ. ಯಜಮಾನರ ಗಡ್ಡದ ಟ್ರಿಮ್ಮರ್ ನಾನೂ ಪ್ರಯತ್ನಿಸಿದ್ದೇನೆ. ಗುಂಗುರಿಗೆ ಸಿಕ್ಕಿ ನಿಂತೇಹೋಯಿತು, ನಾಯಿಗೂ ನೋವು, ಯಜಮಾನರಿಗೂ. ತಂತಿ ಇಲ್ಲದ ಬ್ಯಾಟರಿಯದ್ದೇ ಒಳ್ಳೆಯದು. ಅರ್ಧ ನಾಯಿ ಮುಗಿದಾಗ ಕರೆಂಟ್ ಹೋದರೆ ಹೇಗಿರುತ್ತದೆ ಅಂತ ಯೋಚಿಸಿ.

ಮೇಜು ಅಂತ ನಾನು ಬಳಸುವುದು ವಾಷಿಂಗ್ ಮೆಷಿನ್ ಮೇಲ್ಭಾಗ. ಮೇಲೆ ಹಳೇ ಯೋಗಾ ಮ್ಯಾಟಿನ ತುಂಡು ಹಾಸುತ್ತೇನೆ, ಕಾಲು ಜಾರುವುದಿಲ್ಲ. ಜಾರುವ ಜಾಗದಲ್ಲಿ ಯಾವ ನಾಯಿಯೂ ಸುಮ್ನೆ ನಿಲ್ಲುವುದಿಲ್ಲ. ಒಂದು ಕೈ ಸದಾ ಅದರ ಮೇಲಿರಲಿ. ಫೋನ್ ಬಂದರೂ ಸರಿ, ನಾಯಿಯನ್ನು ಕೆಳಗಿಳಿಸಿಯೇ ಹೋಗಿ. ದೊಡ್ಡ ನಾಯಿಯಾದರೆ ನೆಲವೇ ಸಾಕು.

ಬಾಚುವುದು

ಇದನ್ನು ಕೊಂಚ ನಿಧಾನವಾಗಿಯೇ ಹೇಳುತ್ತೇನೆ, ನಾನು ಎಡವಿದ್ದೇ ಇಲ್ಲಿ.

ನಾಯಿಯನ್ನು ಪಕ್ಕಕ್ಕೆ ಮಲಗಿಸಿ. ಒಂದು ಕಾಲಿನ ಕೆಳತುದಿಯಿಂದ ಶುರು ಮಾಡಿ. ಎಡಗೈ ಅಂಗೈಯಲ್ಲಿ ಮೇಲಿನ ಕೂದಲನ್ನೆಲ್ಲ ಮೇಲಕ್ಕೆ ಒತ್ತಿ ಹಿಡಿದರೆ ಕೆಳಗೆ ಒಂದು ಬೈತಲೆ ಕಾಣುತ್ತದೆ. ಆ ಗೆರೆಯಲ್ಲಿ ಚರ್ಮ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಅಲ್ಲಿ ಸಿಕ್ಕಿದೆ ಅಂತಲೇ ಅರ್ಥ. ಗೆರೆಯಿಂದ ಕೆಳಗಿನ ಕೂದಲನ್ನು ಸ್ಲಿಕ್ಕರ್‌ನಿಂದ ಸಣ್ಣ ಸಣ್ಣ ಏಟಿನಲ್ಲಿ ಬಿಡಿಸಿ. ತಂತಿ ಚರ್ಮಕ್ಕೆ ಗೀರಬಾರದು. ಎಷ್ಟು ಒತ್ತಬೇಕು ಅಂತ ತಿಳಿಯದಿದ್ದರೆ ನಿಮ್ಮ ಮೊಣಕೈ ಒಳಭಾಗಕ್ಕೆ ಎಳೆದು ನೋಡಿ. ಆಮೇಲೆ ಅದೇ ಜಾಗಕ್ಕೆ ಸ್ಟೀಲ್ ಬಾಚಣಿಗೆ. ಬುಡದಲ್ಲಿ ಊರಿ ತುದಿಯವರೆಗೆ ಎಳೆಯಿರಿ. ಎಲ್ಲೂ ನಿಲ್ಲದೆ ಜಾರಿ ಬಂದರೆ ಆ ಗೆರೆ ಪಾಸ್. ನಿಂತರೆ ಮತ್ತೆ ಸ್ಲಿಕ್ಕರ್. ಪಾಸಾದ ಮೇಲೆ ಒಂದು ಸೆಂಟಿಮೀಟರ್ ಮೇಲೆ ಹೊಸ ಬೈತಲೆ ತೆಗೆಯಿರಿ. ಹೀಗೇ ಗೆರೆ ಗೆರೆಯಾಗಿ ಬೆನ್ನಿನವರೆಗೆ.

ಬ್ರಶ್ ಸುಳ್ಳು ಹೇಳುತ್ತದೆ, ಬಾಚಣಿಗೆ ಹೇಳುವುದಿಲ್ಲ. ನನ್ನ ಎಂಟು ತಿಂಗಳ ಬ್ರಶ್ಶಿಂಗ್ ಮೇಲಿನ ಪದರದಲ್ಲಿ ಓಡಾಡಿಕೊಂಡಿತ್ತು ಅಷ್ಟೇ.

ಸಿಕ್ಕು ಕೂರುವ ಜಾಗಗಳು ಹೆಚ್ಚುಕಮ್ಮಿ ಎಲ್ಲ ನಾಯಿಗೂ ಒಂದೇ. ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಕಾಲರ್ ಅಡಿಯಲ್ಲಿ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ. ಹಾರ್ನೆಸ್ ಹಾಕುವವರು ಅದು ಉಜ್ಜುವ ಜಾಗವನ್ನು ದಿನಾ ನೋಡಬೇಕು. ಮನೆಗೆ ಬಂದ ತಕ್ಷಣ ಹಾರ್ನೆಸ್ ಬಿಚ್ಚಿಬಿಡಿ.

ನಾನು ದಿನ ಬಿಟ್ಟು ದಿನ ಬಾಚುತ್ತೇನೆ, ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ. ಒಂದು ದಿನ ಎಡಪಕ್ಕ, ಮುಂದಿನ ಸರದಿಗೆ ಬಲಪಕ್ಕ. ಕಿವಿ ಹಿಂದೆ ಮತ್ತು ಕಂಕುಳು ಮಾತ್ರ ಪ್ರತಿ ಸಲ. ಬಾಚುವಾಗಲೇ ಕಿವಿಯಂಚು, ಕಾಲ್ಬೆರಳ ಸಂದಿ ಸವರಿ ಉಣ್ಣಿ ಇದೆಯಾ ನೋಡಿಕೊಳ್ಳುತ್ತೇನೆ. ನಮ್ಮ ಕಡೆ ಉಣ್ಣಿ ಜ್ವರ ತಮಾಷೆಯ ಮಾತಲ್ಲ.

ಗಂಟು ಸಿಕ್ಕರೆ? ಒಂದು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಉಜ್ಜಿ, ಕೂದಲು ಜಾರಲು ಶುರುವಾಗುತ್ತದೆ. ಗಂಟಿನ ಬುಡವನ್ನು ಎರಡು ಬೆರಳಲ್ಲಿ ಗಟ್ಟಿ ಹಿಡಿಯಿರಿ, ಎಳೆತ ಚರ್ಮಕ್ಕೆ ತಗಲಬಾರದು. ಬೆರಳಿಂದ ಎರಡಾಗಿ, ನಾಲ್ಕಾಗಿ ಸೀಳಿ, ಆಮೇಲೆ ಬಾಚಣಿಗೆಯ ತುದಿ ಹಲ್ಲಿನಿಂದ ಹೊರಗಿನಿಂದ ಒಳಗೆ ಬಿಡಿಸಿ. ಐದು ನಿಮಿಷಕ್ಕೆ ಬಿಡದಿದ್ದರೆ ಬಿಟ್ಟುಬಿಡಿ, ಅದನ್ನು ಕ್ಲಿಪ್ಪರ್‌ನಿಂದ ತೆಗೆಯುವುದೇ ದಯೆ. ಕತ್ತರಿ ಮಾತ್ರ ತೂರಿಸಬೇಡಿ. ಗಂಟು ಎಳೆದು ಹಿಡಿದಾಗ ಚರ್ಮವೂ ಡೇರೆಯ ಹಾಗೆ ಎದ್ದು ಬಂದಿರುತ್ತದೆ. ಕೂದಲು ಯಾವುದು, ಚರ್ಮ ಯಾವುದು ಗೊತ್ತಾಗುವುದೇ ಇಲ್ಲ. ಮನೆಯಲ್ಲಿ ಗ್ರೂಮಿಂಗ್ ಮಾಡಿ ಹೊಲಿಗೆ ಹಾಕಿಸಲು ವೈದ್ಯರ ಬಳಿ ಓಡುವುದು ಇದೇ ಕಾರಣಕ್ಕೆ.

ಸ್ನಾನ, ಒಣಗಿಸುವುದು

ಬಾಚದೆ ನೀರು ಹಾಕಬೇಡಿ. ಒದ್ದೆಯಾದ ಸಿಕ್ಕು ಒಣಗುವಾಗ ಇನ್ನೂ ಬಿಗಿಯುತ್ತದೆ. ಉಣ್ಣೆ ಸ್ವೆಟರನ್ನು ಬಿಸಿ ನೀರಲ್ಲಿ ಒಗೆದ ಹಾಗೆ.

ನೀರು ಉಗುರುಬೆಚ್ಚಗೆ ಸಾಕು. ಶಾಂಪೂ ನಾಯಿಯದ್ದೇ ಇರಲಿ, ನಾಯಿಯ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು. "ಹರಳೆಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ತಿಕ್ಕು, ಕೂದಲು ಹೆಂಗೆ ಬರುತ್ತೆ ನೋಡು" ಅಂತ ನಮ್ಮಮ್ಮ. ಸೀಗೆಪುಡಿ ಗುಂಗುರೊಳಗೆ ಕೂತರೆ ನಾಲ್ಕು ತೊಳೆತಕ್ಕೂ ಹೋಗುವುದಿಲ್ಲ, ಕಣ್ಣಿಗೆ ಬಿದ್ದರೆ ಕೇಳಲೇಬೇಡಿ. ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತದೆ. ಉಣ್ಣಿಗೆ ಒಳ್ಳೆಯದು ಅಂತ ಯಾರಾದರೂ ಟೀ ಟ್ರೀ ಎಣ್ಣೆ ಹೇಳಿದರೆ ಕೇಳಬೇಡಿ, ನಾಯಿಗೆ ಅದು ವಿಷ.

ಶಾಂಪೂವನ್ನು ಮಗ್ಗಿನಲ್ಲಿ ನೀರಿಗೆ ಕಲಸಿ ಹಾಕಿ. ಸುತ್ತ ಸುತ್ತ ತಿಕ್ಕಬೇಡಿ, ಕೂದಲು ಬೆಳೆದ ದಿಕ್ಕಿಗೇ ಕೈ ಎಳೆಯಿರಿ. ನಮ್ಮದು ಬೋರ್‌ವೆಲ್ ನೀರು, ಗಡಸು. ಎಷ್ಟು ತೊಳೆದರೂ ಶಾಂಪೂ ಪೂರ್ತಿ ಬಿಡುವುದಿಲ್ಲ. ಹಾಗಾಗಿ ತೊಳೆದಾಯಿತು ಅನಿಸಿದ ಮೇಲೆ ಇನ್ನೆರಡು ಬಕೆಟ್ ಸುರಿಯುತ್ತೇನೆ. ನಾಯಿಯ ಕಂಡೀಷನರ್ ಹಾಕಿ ತೊಳೆದರೆ ಬಾಚಣಿಗೆ ಸಲೀಸಾಗಿ ಓಡುತ್ತದೆ. ಮೂರು ನಾಲ್ಕು ವಾರಕ್ಕೊಂದು ಸ್ನಾನ ಸಾಕು.

ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ಹೀರಿಸಿ. ಆಮೇಲೆ ಡ್ರೈಯರ್. ನಮ್ಮ ಮಾಮೂಲಿ ಹೇರ್ ಡ್ರೈಯರ್ ಆಗುತ್ತದೆ, ಆದರೆ ಕಡಿಮೆ ಬಿಸಿಯಲ್ಲಿ ಮಾತ್ರ. ನಿಮ್ಮ ಕೈ ನಾಯಿಯ ಮೈ ಮೇಲೆ ಇಟ್ಟುಕೊಂಡು ಆ ಕೈಗೇ ಗಾಳಿ ಬಿಡಿ. ನಿಮಗೆ ಬಿಸಿ ಅನಿಸಿದರೆ ಅದಕ್ಕೂ ಬಿಸಿ. ಗಾಳಿ ಬಿಡುತ್ತಲೇ ಸ್ಲಿಕ್ಕರ್‌ನಿಂದ ಕೂದಲನ್ನು ಎಳೆದೆಳೆದು ನೇರ ಮಾಡುತ್ತಾ ಹೋಗಿ. ಈ ಕೆಲಸವೇ ಕಟಿಂಗ್ ಚೆನ್ನಾಗಿ ಬರುವ ಗುಟ್ಟು. ಸುರುಳಿ ಇದ್ದಂತೆಯೇ ಕತ್ತರಿಸಿದರೆ ಒಂದು ಕಡೆ ಗುಂಡಿ, ಒಂದು ಕಡೆ ದಿಬ್ಬ. ಬುಡದಲ್ಲಿ ತೇವ ಉಳಿದರೆ ಮಳೆಗಾಲದಲ್ಲಿ ಎರಡನೇ ದಿನಕ್ಕೇ ಮುಗ್ಗಲು ವಾಸನೆ ಬರುತ್ತದೆ. ಬೆಲ್ಲಳಂಥ ಮೂರೂವರೆ ಕೆ.ಜಿ. ನಾಯಿಗೇ ಇದಕ್ಕೆ ಮುಕ್ಕಾಲು ಗಂಟೆ ಬೇಕು.

ಇಷ್ಟಾದ ಮೇಲೆ ಅವತ್ತಿಗೆ ನಿಲ್ಲಿಸಿ. ನಿಜವಾಗಿಯೂ. ಎಲ್ಲವನ್ನೂ ಒಂದೇ ಭಾನುವಾರ ಮುಗಿಸಬೇಕು ಅನ್ನುವುದು ಗ್ರೂಮರ್‌ಗಿರುವ ಒತ್ತಡ, ನಿಮಗಿಲ್ಲ. ಶನಿವಾರ ಸ್ನಾನ, ಭಾನುವಾರ ಮೈ, ಸೋಮವಾರ ಸಂಜೆ ಮುಖ, ಮತ್ತೊಂದು ದಿನ ಉಗುರು. ನಾಯಿಗೂ ಸುಸ್ತಾಗುವುದಿಲ್ಲ, ನಿಮ್ಮ ಸೊಂಟಕ್ಕೂ.

ಕ್ಲಿಪ್ಪರ್

ಮೊದಲ ವಾರ ಕ್ಲಿಪ್ಪರ್ ಆನ್ ಮಾಡಿ ಪಕ್ಕದಲ್ಲಿಟ್ಟು ಬೇಯಿಸಿದ ಗೆಣಸು ತಿನ್ನಿಸಿ, ಅಷ್ಟೇ. ಆಮೇಲೆ ಆಫ್ ಮಾಡಿದ ಕ್ಲಿಪ್ಪರನ್ನು ಮೈ ಮೇಲೆ ಓಡಾಡಿಸಿ. ಸದ್ದಿಗೆ ಬಾಲ ಅಲ್ಲಾಡಿಸುವವರೆಗೆ ಕಾಯಿರಿ. ಇಲ್ಲಿ ಅವಸರ ಮಾಡಿದರೆ ಮುಂದೆ ಹತ್ತು ವರ್ಷ ಗುದ್ದಾಟ.

ಬ್ಲೇಡಿನ ನಂಬರ್ ಉಲ್ಟಾ ಲೆಕ್ಕ: ನಂಬರ್ ದೊಡ್ಡದಾದಷ್ಟು ಕೂದಲು ಗಿಡ್ಡ. 10 ನಂಬರ್ ಸುಮಾರು 1.5 ಮಿಲಿಮೀಟರ್ ಉಳಿಸುತ್ತದೆ, 7ಎಫ್ ಸುಮಾರು 3, 4ಎಫ್ 9ರ ಹತ್ತಿರ, 3ಎಫ್ 13. ಹೊಸಬರಿಗೆ ಸುಮಾರು 13 ಮಿಲಿಮೀಟರ್ ಗಾರ್ಡ್ ಸುರಕ್ಷಿತ. ತಪ್ಪಾದರೆ ಇನ್ನಷ್ಟು ಕತ್ತರಿಸಬಹುದು, ಅಂಟಿಸಲು ಆಗಲ್ಲ ಅಲ್ವಾ? ಬೇಸಿಗೆ ಅಂತ ಬುಡಕ್ಕೆ ಬೋಳಿಸುವುದೂ ಬೇಡ. ಬಿಸಿಲು ನೇರ ಚರ್ಮಕ್ಕೆ ಬಿದ್ದು ಸುಡುತ್ತದೆ.

ಕತ್ತಿನ ಹಿಂದಿನಿಂದ ಬಾಲದ ಬುಡಕ್ಕೆ, ಕೂದಲು ಬೆಳೆದ ದಿಕ್ಕಿಗೇ, ನಿಧಾನಕ್ಕೆ. ಬ್ಲೇಡ್ ಚರ್ಮಕ್ಕೆ ಮಟ್ಟಸವಾಗಿ ಮಲಗಿರಲಿ, ಬ್ಲೇಡಿನ ತುದಿ ಚುಚ್ಚಬಾರದು. ಎದುರು ದಿಕ್ಕಿಗೆ ಓಡಿಸಿದರೆ ಅದೇ ಗಾರ್ಡ್ ಇನ್ನೂ ಗಿಡ್ಡ ಕತ್ತರಿಸುತ್ತದೆ. ಬೆನ್ನು ಮುಗಿಸಿ ಪಕ್ಕೆ, ಎದೆ, ಆಮೇಲೆ ಹೊಟ್ಟೆ. ಹೊಟ್ಟೆಯಲ್ಲಿ ಮೊಲೆತೊಟ್ಟುಗಳಿವೆ, ಗಂಡಿಗೂ. ಬೆರಳಿಟ್ಟು ಮುಚ್ಚಿಕೊಳ್ಳಿ. ಕಂಕುಳಲ್ಲಿ, ತೊಡೆ ಹೊಟ್ಟೆಗೆ ಸೇರುವ ಕಡೆ ಚರ್ಮ ತೆಳ್ಳಗೆ ಮಡಚಿರುತ್ತದೆ. ಎಳೆದು ಸಪಾಟು ಮಾಡಿಕೊಳ್ಳದೆ ಅಲ್ಲಿ ಬ್ಲೇಡ್ ಇಡಬೇಡಿ. ಎರಡು ಮೂರು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡಿ. ಬ್ಲೇಡ್ ಬಿಸಿಯಾಗುವುದು ಕ್ಲಿಪ್ಪರ್ ಹಿಡಿದ ಕೈಗೆ ಗೊತ್ತಾಗುವುದಿಲ್ಲ, ನಾಯಿಗೆ ಗೊತ್ತಾಗುತ್ತದೆ.

ಎರಡನೇ ಸಲದ ಕಟಿಂಗ್‌ನಲ್ಲಿ ನನ್ನ ಗಾರ್ಡ್ ಸರಿಯಾಗಿ ಲಾಕ್ ಆಗಿರಲಿಲ್ಲ. ಬೆನ್ನಿನ ನಡುವೆ ಹೋಗುವಾಗ ಟಪ್ ಅಂತ ಬಿತ್ತು. ನಾನು ಕೈ ನಿಲ್ಲಿಸುವಷ್ಟರಲ್ಲಿ ಬೆರಳುದ್ದದ ಟಾರು ರಸ್ತೆ ರೆಡಿ. ಅದು ಸರಿಹೋಗಲು ತಿಂಗಳ ಮೇಲೆ ಬೇಕಾಯಿತು. ಅಲ್ಲಿಯವರೆಗೆ ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಏನಾಯ್ತು ಪಾಪ?" ಅಂತ ಕೇಳುತ್ತಿದ್ದರು. ಗಾರ್ಡ್ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡಿ.

ಕಾಲುಗಳಿಗೆ ಬಾಚಣಿಗೆಯಿಂದ ಕೂದಲು ಹೊರಕ್ಕೆ ಎಬ್ಬಿಸಿ, ಕತ್ತರಿಯನ್ನು ಕಾಲಿಗೆ ಸಮಾನಾಂತರ ಹಿಡಿದು ಕಂಬದಂತೆ ಕತ್ತರಿಸಿ. ಪ್ರತಿ ನಾಲ್ಕು ಕತ್ತರಿಗೆ ಮತ್ತೆ ಬಾಚಿ. ಫೋಟೋಗಳಲ್ಲಿ ಕಾಣುವ ಗುಂಡು ಗುಂಡು ಕಾಲಿನ ಶೋ ಕಟಿಂಗ್ ಆಸೆ ಬಿಡಿ. ಪೂಡಲ್ ಮೂಲತಃ ನೀರಿಗೆ ಧುಮುಕಿ ಬಾತುಕೋಳಿ ತರುತ್ತಿದ್ದ ಬೇಟೆನಾಯಿ. ಹೆಸರೇ ನೀರು ಚಿಮ್ಮಿಸಿ ಸದ್ದು ಮಾಡುವುದಕ್ಕಿರುವ ಜರ್ಮನ್ ಮಾತಿನಿಂದ ಬಂದದ್ದು. ಈಜಲು ಹಗುರವಾಗಲಿ ಅಂತ ಮೈ ಬೋಳಿಸಿ, ಎದೆ ಮತ್ತು ಕೀಲುಗಳಿಗೆ ಚಳಿಯಾಗದಿರಲಿ ಅಂತ ಅಲ್ಲಿ ಮಾತ್ರ ಕೂದಲು ಬಿಡುತ್ತಿದ್ದರಂತೆ. ನಮ್ಮ ಬೆಲ್ಲ ಬಕೆಟ್ ನೋಡಿದರೇ ಮಂಚದಡಿ ಸೇರುತ್ತಾಳೆ.

ಮುಖ, ಕಿವಿ, ಪಾದ

ಮುಖಕ್ಕೆ ಕತ್ತರಿ ಹಿಡಿಯುವಾಗ ಗಲ್ಲದ ಕೆಳಗಿನ ಕೂದಲನ್ನು ಹಗುರವಾಗಿ ಹಿಡಿದರೆ ತಲೆ ಅಲ್ಲಾಡುವುದಿಲ್ಲ. ಕತ್ತರಿಯ ತುದಿ ಯಾವತ್ತೂ ಕಣ್ಣಿನ ಕಡೆ ತಿರುಗಬಾರದು, ಮೂತಿಗೆ ಸಮಾನಾಂತರ ಇರಲಿ. ಕಣ್ಣಿನ ಒಳಮೂಲೆಯ ಕೂದಲನ್ನು ಮೊದಲು ಒದ್ದೆ ಹತ್ತಿಯಿಂದ ಒರೆಸಿ, ಬಾಚಿ, ಒಂದೊಂದೇ ಚಿಟಿಕೆ ತೆಗೆಯಿರಿ. ನಾಲಿಗೆ ಎಲ್ಲಿದೆ ನೋಡಿಕೊಳ್ಳಿ. ಒಬ್ಬರು ಎದುರಿಗೆ ಕೂತು ಮೊಸರು ಹಚ್ಚಿದ ಚಮಚ ತೋರಿಸಿದರೆ ಕೆಲಸ ಸುಲಭ, ಆದರೆ ನೆಕ್ಕಲು ಕೊಡುವುದು ಕತ್ತರಿ ಕೆಳಗಿಟ್ಟ ಮೇಲೆ. ಪಟಾಕಿ ಹಾರುವ ದೀಪಾವಳಿ ವಾರದಲ್ಲಿ ಮುಖದ ಕೆಲಸ ಬೇಡವೇ ಬೇಡ.

ಕಿವಿಯ ಅಂಚು ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಎರಡು ಬೆರಳ ನಡುವೆ ಕಿವಿಯಂಚು ಹಿಡಿದು, ಬೆರಳಿನಾಚೆ ಉಳಿದ ಕೂದಲನ್ನಷ್ಟೇ ಕತ್ತರಿಸಿ. ಅಂಚಿಗೆ ತಗುಲಿದರೆ ಸಣ್ಣ ಗಾಯವಾದರೂ ರಕ್ತ ಜಾಸ್ತಿ. ನಾಯಿ ತಲೆ ಕೊಡವಿದರೆ ಗೋಡೆಗೆಲ್ಲ. ಪೂಡಲ್‌ಗೆ ಕಿವಿಯೊಳಗೂ ಕೂದಲು ಬೆಳೆಯುತ್ತದೆ. ಮೊದಲೆಲ್ಲ ಅದನ್ನು ಕೀಳುವುದೇ ರೂಢಿ. ಕಿವಿ ಆರೋಗ್ಯವಾಗಿದ್ದರೆ ಸುಮ್ನೆ ಕೀಳಬೇಡಿ, ಕಿತ್ತ ಜಾಗ ಉರಿಯೂತಕ್ಕೆ ದಾರಿ ಅನ್ನುವ ಪಶುವೈದ್ಯರು ಈಗ ಸಾಕಷ್ಟಿದ್ದಾರೆ. ನಾನು ಕಿವಿಯ ತೂತಿನ ಹೊರಬಾಯಿಯ ಬಳಿಯಷ್ಟೇ ಟ್ರಿಮ್ ಮಾಡಿ ಬಿಡುತ್ತೇನೆ.

ಪಾದದಡಿ ನೋಡಿ. ಮೆತ್ತೆಗಳ ನಡುವೆ ಕೂದಲು ಬೆಳೆದು ಮೆತ್ತೆಯನ್ನೇ ಮುಚ್ಚಿದರೆ ವಿಟ್ರಿಫೈಡ್ ಟೈಲ್ಸ್ ಮೇಲೆ ನಾಯಿ ಸ್ಕೇಟಿಂಗ್ ಮಾಡುತ್ತದೆ. 10 ನಂಬರ್ ಬ್ಲೇಡಿನಿಂದ ಮೆತ್ತೆಯ ಮಟ್ಟಕ್ಕೆ ಸಪಾಟು ಮಾಡಿ, ಸಂದಿಯೊಳಗೆ ಅಗೆಯಬೇಡಿ. ಬೇಸಿಗೆಯಲ್ಲಿ ಒಣ ಹುಲ್ಲಿನ ಮುಳ್ಳು ಅಲ್ಲೇ ಹೊಕ್ಕು ಒಳಗೆ ಸರಿಯುತ್ತದೆ. ಬಾಲದಡಿಯ ಕೂದಲನ್ನೂ ಇದೇ ಹೊತ್ತಿಗೆ ಗಿಡ್ಡ ಮಾಡಿಬಿಡಿ, ಯಾಕೆ ಅಂತ ವಿವರಿಸಬೇಕಿಲ್ಲ.

ಉಗುರು

ಟೈಲ್ಸ್ ಮೇಲೆ ನಡೆದಾಗ ಟಕ್ ಟಕ್ ಸದ್ದು ಬಂದರೆ ಉಗುರು ಬೆಳೆದಿದೆ. ಬಿಳಿ ಉಗುರಿನಲ್ಲಿ ಒಳಗಿನ ಗುಲಾಬಿ ಜೀವಭಾಗ ಕಾಣುತ್ತದೆ, ಅದಕ್ಕೆ ಎರಡು ಮಿಲಿಮೀಟರ್ ಮುಂಚೆ ನಿಲ್ಲಿಸಿ. ಕಪ್ಪು ಉಗುರಾದರೆ ಅಕ್ಕಿಕಾಳಿನ ತುದಿಯಷ್ಟು ತೆಗೆದು ಕತ್ತರಿಸಿದ ಮುಖ ನೋಡಿ. ನಡುವೆ ಗಾಢ ಬಣ್ಣದ, ತೇವದ ಚುಕ್ಕೆ ಕಂಡರೆ ಸಾಕು, ಅಲ್ಲಿಗೇ ಬಿಡಿ. ಆದರೂ ರಕ್ತ ಬಂತಾ? ಸ್ಟಿಪ್ಟಿಕ್ ಪುಡಿ ಅದ್ದಿ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಪುಡಿ ಇಲ್ಲದಿದ್ದರೆ ಕಾರ್ನ್‌ಫ್ಲೋರ್. ನನ್ನ ಕೈಯಲ್ಲೂ ಒಮ್ಮೆ ಆಗಿದೆ. ಬೆಲ್ಲ ಹತ್ತು ನಿಮಿಷದಲ್ಲಿ ಮರೆತಳು, ನನ್ನ ಕೈನಡುಕ ನಿಲ್ಲಲು ಸಂಜೆಯಾಯಿತು. ದಿನಕ್ಕೊಂದು ಕಾಲಿನ ಉಗುರು ತೆಗೆದರೂ ಸಾಕು.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಅಂತ ಹಟ ಬೇಡ. ಸಿಕ್ಕು ಮೈತುಂಬ ಹಾಳೆಯಾಗಿದ್ದರೆ ಮೊದಲ ಬೋಳಿಸುವಿಕೆ ಅನುಭವಸ್ಥರೇ ಮಾಡಲಿ. ಕಿವಿಯಿಂದ ವಾಸನೆ ಬಂದರೆ, ತಲೆ ಒಂದೇ ಕಡೆ ವಾಲಿಸಿ ಕೊಡವುತ್ತಿದ್ದರೆ, ಅಂಡು ನೆಲಕ್ಕೆ ಉಜ್ಜಿಕೊಂಡು ತೆವಳಿದರೆ ವೈದ್ಯರಿಗೆ ತೋರಿಸಿ. ಗುದದ ಗ್ರಂಥಿಯನ್ನು ವಿಡಿಯೋ ನೋಡಿ ನೀವೇ ಹಿಂಡಲು ಹೋಗಬೇಡಿ.

ಕೊನೆಗೆ ಕ್ಲಿಪ್ಪರ್. ಬ್ಲೇಡ್ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಕೂದಲೆಲ್ಲ ತೆಗೆದು, ಎರಡು ಹನಿ ಎಣ್ಣೆ ಬಿಟ್ಟು ಹತ್ತು ಸೆಕೆಂಡ್ ಓಡಿಸಿ, ಒರೆಸಿ ಡಬ್ಬಿಗೆ ಹಾಕಿ. ಕ್ಲಿಪ್ಪರ್ ಜೊತೆ ಬಂದ ಎಣ್ಣೆ ಖಾಲಿಯಾದರೆ ಹೊಲಿಗೆ ಮೆಷಿನ್ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ ಬೇಡ. ಡಿಸೆಂಬರ್ ಚಳಿಗೆ ಅದು ಬ್ಲೇಡಿನ ಹಲ್ಲಲ್ಲೇ ಹೆಪ್ಪುಗಟ್ಟಿ, ಮುಂದಿನ ಸಲ ಆನ್ ಮಾಡಿದಾಗ ಕ್ಲಿಪ್ಪರ್ ಗುರ್ ಅನ್ನುತ್ತದೆ, ಕೂದಲು ಮಾತ್ರ ಕತ್ತರಿಸುವುದಿಲ್ಲ.